ಟೈಮಿಂಗ್ ಚೈನ್ ಸವೆದರೆ ಗಾಡಿ ಗುಜರಿಗೆ ಯಾಕೆ?

ಇವತ್ತು ಸ್ವಲ್ಪ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಅರ್ಧ ಸಿಟ್ಟು ಬೇರೆಯವರ ಮೇಲೆ, ಇನ್ನರ್ಧ ನನ್ನ ಮೇಲೇ.

ನಮ್ಮೂರು ಸಾವಳಗಿ, ಜಮಖಂಡಿಯಿಂದ ವಿಜಯಪುರಕ್ಕೆ ಹೋಗುವ ದಾರಿಯಲ್ಲಿದೆ. 1995ರಲ್ಲಿ ಅಪ್ಪ ಕೊಂಡ ಹೀರೋ ಹೋಂಡಾ ಸಿಡಿ 100 ಇನ್ನೂ ಮನೆಯಲ್ಲಿದೆ. ನನಗಿಂತ ಎರಡು ವರ್ಷ ದೊಡ್ಡದು. ಹಾಲಿನ ಕ್ಯಾನು, ಗೊಬ್ಬರದ ಚೀಲ, ಪರೀಕ್ಷೆಗೆ ಹೊರಟ ನಾನು... ಎಲ್ಲವನ್ನೂ ಹೊತ್ತಿದೆ. ಈಚೆಗೆ ಎಂಜಿನ್ನಿನ ಎಡಗಡೆ ಕಟಕಟ ಸದ್ದು ಶುರುವಾಯಿತು. ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ತೋರಿಸಿದರೆ, “ಎಂಜಿನ್ ಮುಗದೈತ್ರಿ, ಗುಜರಿಗೆ ಹಾಕಿ ಹೊಸಾದ ತಗೊಳ್ರಿ” ಅಂದರಂತೆ. ಒಂದು ಬೋಲ್ಟೂ ಬಿಚ್ಚಿ ನೋಡದೆ!

ಅಪ್ಪ ನನಗೆ ಫೋನ್ ಮಾಡಿದರು. ನಾನೇನು ಕಡಿಮೆ? “ಕೊಟ್ಟಬಿಡ್ರಿ ಅಪ್ಪಾ, ಹೊಸಾದಕ್ಕ ಇಎಂಐ ನಾ ಕಟ್ತೀನಿ” ಎಂದೆ. ಅಪ್ಪ “ಆತು ತಗೋ” ಎಂದಷ್ಟೇ ಹೇಳಿ ಫೋನಿಟ್ಟರು. ಎಂಜಿನಿಯರಿಂಗ್ ಓದಿದ ಮಗ, ಸದ್ದು ಎಲ್ಲಿಂದ ಬರುತ್ತಿದೆ ಅಂತ ಒಂದು ಮಾತು ಕೂಡ ಕೇಳಿರಲಿಲ್ಲ.

ಮುಂದಿನ ವಾರ ಊರಿಗೆ ಹೋದೆ. ಗಾಡಿ ಕೊಡುವ ಮುಂಚೆ ಒಮ್ಮೆ ಇರಲಿ ಅಂತ ಊರಿನ ಮಿಸ್ತ್ರಿ ಕಾಕಾನ ಹತ್ತಿರ ಒಯ್ದೆವು. ಕಾಕಾ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಕೆಯನ್ನು ಕಿವಿಗೆ ಇಟ್ಟು ಕೇಳಿದ. “ತಮ್ಮಾ, ಇದು ಟೈಮಿಂಗ್ ಚೈನಿಂದು. ಎಂಜಿನ್ ಗಟ್ಟಿ ಐತಿ” ಎಂದ. ಚೈನ್ ಜಗ್ಗಿ ಉದ್ದ ಆಗಿದೆಯಾ ಎಂದು ಕೇಳಿದೆ. “ಕಬ್ಬಣ ಎಲ್ಲಿ ಜಗ್ಗತೈತಿ? ಒಳಗಿನ ಪಿನ್ ಸವದಿರ್ತಾವ. ಒಂದೊಂದು ಕೊಂಡಿ ಕೂದಲಷ್ಟು ಸಡ್ಲ ಆದ್ರ ಸಾಕು.”

ಮಧ್ಯಾಹ್ನವೊಂದರಲ್ಲಿ ಕೆಲಸ ಮುಗಿಯಿತು. ಎಂಜಿನ್ ಇಳಿಸಲಿಲ್ಲ, ಬೋರ್ ಬಿಚ್ಚಲಿಲ್ಲ. ಎಡಗಡೆಯ ಕವರ್ ತೆಗೆದು ಮ್ಯಾಗ್ನೆಟ್ಟನ್ನು ಮೆಲ್ಲಗೆ ತಿರುಗಿಸಿ, ಅದರ ಮೇಲಿನ ‘ಟಿ’ ಗುರುತನ್ನು ಸರಿಯಾದ ಜಾಗಕ್ಕೆ ತಂದ. ಪಿಸ್ಟನ್ ಮೇಲ್ತುದಿಯಲ್ಲಿದೆ ಎಂದು ಅರ್ಥ. ಪಕ್ಕದಲ್ಲೇ ‘ಎಫ್’ ಎಂಬ ಗುರುತೂ ಇರುತ್ತದೆ, ಅದು ಕಿಡಿ ಹಾರುವ ಜಾಗ. ಅವಸರದವರು ಎಡವುವುದು ಅಲ್ಲೇ. ಎರಡೂ ವಾಲ್ವ್ ಸಡಿಲ ಇವೆಯೇ ಎಂದು ನೋಡಿದ ಮೇಲೆ ಮ್ಯಾಗ್ನೆಟ್ಟನ್ನು ಪುಲ್ಲರಿನಿಂದ ಎಳೆದ, ಸುತ್ತಿಗೆಯಿಂದ ಬಡಿಯಲಿಲ್ಲ. ಮೇಲಿನ ಕ್ಯಾಮ್ ಸ್ಪ್ರಾಕೆಟ್ ಬಿಚ್ಚಿ, ಟೆನ್ಷನರ್ ಸಡಿಲಿಸಿ ಹಳೆ ಚೈನ್ ಹೊರಗೆ ತೆಗೆದ. ಹೊಸದನ್ನು ಪಕ್ಕದಲ್ಲಿಟ್ಟು ಕೊಂಡಿ ಎಣಿಸಿದ. ರಬ್ಬರ್ ರೋಲರ್, ಕ್ಯಾಮ್ ಸ್ಪ್ರಾಕೆಟ್ ಕೂಡ ಹೊಸದೇ. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಅದೂ ಬೇಗ ಹಾಳಾಗುತ್ತದೆ.

ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದವನು! ಕಾಕಾ ಕೈಯಿಂದಲೇ ಎರಡು ಸುತ್ತು ತಿರುಗಿಸಿ, ಎಲ್ಲ ಗುರುತು ಮತ್ತೆ ಕೂಡಿದ ಮೇಲೆಯೇ ಕಿಕ್ ಹೊಡೆಯಲು ಬಿಟ್ಟ. ಒಂದು ಹಲ್ಲು ಆಚೀಚೆ ಆದರೂ ಎಂಜಿನ್ ಸೊರಗುತ್ತದೆ, ಇನ್ನೂ ತಪ್ಪಿದರೆ ವಾಲ್ವಿಗೂ ಪಿಸ್ಟನ್ನಿಗೂ ಡಿಕ್ಕಿ. ಸಾಮಾನು, ಮಜೂರಿ, ಹೊಸ ಆಯಿಲ್ ಎಲ್ಲ ಸೇರಿದರೂ ನಾನು ಕಟ್ಟುತ್ತೇನೆಂದ ಇಎಂಐನ ಒಂದು ಕಂತಿನಷ್ಟೂ ಆಗಲಿಲ್ಲ.

ಈಗ ನನ್ನ ಜಗಳ. ನಮ್ಮಲ್ಲಿ ‘ವಿಂಟೇಜ್’ ಎಂದರೆ ಮೈಸೂರಿನ ಜಾವಾ, ಯೆಜ್ಡಿ, ಇಲ್ಲವೇ ಬುಲೆಟ್ಟು. ನನಗೂ ಇಷ್ಟವೇ. ಆದರೆ ಆ ಹಳೆಯ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್, ಅವಕ್ಕೆ ಕ್ಯಾಮೂ ಇಲ್ಲ, ಟೈಮಿಂಗ್ ಚೈನೂ ಇಲ್ಲ. ಹಳೆಯ ಬುಲೆಟ್ಟಿನದು ಪುಶ್ ರಾಡ್. ಹಳ್ಳಿಯವರ ಕೈಗೆ ಟೈಮಿಂಗ್ ಚೈನಿನ ಫೋರ್ ಸ್ಟ್ರೋಕ್ ಎಂಜಿನ್ ಕೊಟ್ಟಿದ್ದು 1985ರಲ್ಲಿ ಬಂದ ಈ 97.2 ಸಿಸಿಯ ಬಡಪಾಯಿ. ಅದಕ್ಕೆ ರ‍್ಯಾಲಿಯೂ ಇಲ್ಲ, ಫೋಟೋನೂ ಇಲ್ಲ.

ಕಾನೂನೂ ಹಾಗೇ. 2021ರ ನಿಯಮದಂತೆ ವಿಂಟೇಜ್ ಆಗಲು 50 ವರ್ಷ ದಾಟಬೇಕು, ಹೊಸ ನೋಂದಣಿಗೆ 20,000 ರೂಪಾಯಿ, ಆಮೇಲೆ ದಿನನಿತ್ಯ ಓಡಿಸುವಂತಿಲ್ಲ. ಇತ್ತ ದುಡಿಯುವ ಹಳೆ ಬೈಕಿಗೆ, 20 ವರ್ಷ ದಾಟಿದ್ದರೆ, ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 2,000 ರೂಪಾಯಿಗೆ ಏರಿಸಿದರು. ಅಂದರೆ ನಿಲ್ಲಿಸಿಟ್ಟರೆ ಪರಂಪರೆ, ದುಡಿಸಿದರೆ ಗುಜರಿ!

ಹಳೆ ಗಾಡಿ ಹೊಗೆ ಬಿಡುತ್ತದೆ, ಬ್ರೇಕ್ ಸಾಲದು ಎನ್ನುವವರಿದ್ದಾರೆ. ಒಪ್ಪಿದೆ. ಹೊಗೆ ಅಳೆಯಿರಿ, ಬ್ರೇಕ್ ನೋಡಿರಿ, ಫೇಲಾದರೆ ನಿಲ್ಲಿಸಿರಿ. ಆದರೆ ವಯಸ್ಸು ನೋಡಿ ತೀರ್ಪು ಕೊಡಬೇಡಿ. ಸರಿಯಾದ ಎಂಜಿನ್ನೊಂದನ್ನು ಕರಗಿಸಿ ಇನ್ನೊಂದನ್ನು ಎರಕ ಹೊಯ್ಯುವುದಕ್ಕೂ ಹೊಗೆ ಏಳುತ್ತದಲ್ಲವೇ?

ಇದೇ ಸೀಮೆಯ ರೈತರು ಸರಕಾರಕ್ಕೆ ಕಾಯದೆ, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ತಮ್ಮ ದುಡ್ಡು, ಬೆವರು ಹಾಕಿ ಶ್ರಮಬಿಂದು ಸಾಗರ ಕಟ್ಟಿದವರು. ಅಂಥವರಿಗೆ ಒಂದು ಚೈನ್ ಬದಲಿಸಲು ಆಗದು ಎಂದು ಯಾರು ಹೇಳಿದ್ದು? ನಮ್ಮಂಥ ಓದಿದವರೇ. ಆಫೀಸಿನಲ್ಲೂ ನಾವು ಹೀಗೇ... ಒಂದು ಬಗ್ ಸಿಕ್ಕರೆ ಇಡೀ ಪ್ರೋಗ್ರಾಮ್ ಹೊಸದಾಗಿ ಬರೆಯೋಣ ಅಂತೀವಿ :-)

ನಿಮ್ಮ ಮನೆಯಲ್ಲೂ ಇಂಥದೊಂದು ಗಾಡಿ ಇದ್ದರೆ, “ಎಂಜಿನ್ ಮುಗೀತು” ಎಂದವರಿಗೆ ಎರಡೇ ಮಾತು ಕೇಳಿ: “ಏನು ಸವದೈತ್ರಿ? ಬಿಚ್ಚಿ ತೋರಸ್ರಿ.” ತೆಗೆದ ಸಾಮಾನನ್ನು ಮರಳಿ ಇಸಿದುಕೊಳ್ಳಿ. ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿ, ಚೈನಿನ ಆಯುಷ್ಯ ಇರುವುದೇ ಅದರಲ್ಲಿ.

ಹಳೆ ಚೈನನ್ನು ನಾನು ಬೆಂಗಳೂರಿಗೆ ತಂದು ಮೇಜಿನ ಮೇಲಿಟ್ಟುಕೊಂಡಿದ್ದೇನೆ. ಅಪ್ಪ ಮರುದಿನ ಬೆಳಿಗ್ಗೆ ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟರು. ಗಾಡಿ ಹೋದದ್ದು ಒಳಗೆ ಕೂತ ನನಗೆ ಗೊತ್ತೇ ಆಗಲಿಲ್ಲ, ಅಷ್ಟು ಸದ್ದಿಲ್ಲ.