ಊರು ಬಿಟ್ಟ ಮುಪ್ಪಿಗೆ ಮಾತ್ರೆ ಕೊಡುವವರು ಯಾರು?

ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಿಂದ ದುಡಿಮೆ ಅರಸಿ ಹೈದರಾಬಾದ್, ಪುಣೆ, ಮುಂಬೈಗಳಿಗೆ ಹೋಗುವುದು ಹೊಸದಲ್ಲ. 1956ರಲ್ಲಿ ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತಾದರೂ ಅನ್ನದ ದಾರಿ ಬದಲಾಗಲಿಲ್ಲ. ಮೊದಲು ಮಗ ಹೋಗುತ್ತಾನೆ. ತಂದೆ ತೀರಿಕೊಂಡ ಮೇಲೆ ಒಂಟಿಯಾದ ತಾಯಿ ಅವನನ್ನು ಹಿಂಬಾಲಿಸುತ್ತಾಳೆ. ವಲಸೆಯ ಕುರಿತ ನಮ್ಮ ಚರ್ಚೆಗಳಲ್ಲಿ ಈ ತಾಯಿಯ ಪ್ರಸ್ತಾಪವೇ ಇರುವುದಿಲ್ಲ.

ಭಾಷೆಯೇ ಇವರಿಗೆ ತೊಡಕು ಎಂದು ಭಾವಿಸುವವರಿದ್ದಾರೆ. ಗಡಿನಾಡಿನ ಹಿರಿಯರಲ್ಲಿ ಅನೇಕರು ಕನ್ನಡದೊಡನೆ ಮರಾಠಿಯನ್ನೂ ದಖನಿ ಉರ್ದುವನ್ನೂ ಬಲ್ಲರು. ನಿಜವಾದ ತೊಡಕು ಬೇರೆಡೆ ಇದೆ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ವಿಮಾ ಯೋಜನೆಯ ಅರ್ಹರು ಹೊರರಾಜ್ಯದ ನೋಂದಾಯಿತ ಆಸ್ಪತ್ರೆಗಳಲ್ಲಿಯೂ ಚಿಕಿತ್ಸೆ ಪಡೆಯಬಹುದು. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 70 ವರ್ಷ ತುಂಬಿದವರಿಗೆ ಆದಾಯದ ಮಿತಿಯಿಲ್ಲದೆ ವಾರ್ಷಿಕ 5 ಲಕ್ಷ ರೂಪಾಯಿವರೆಗಿನ ರಕ್ಷಣೆಯನ್ನು ಆರಂಭಿಸಿತು. ಇದು ಸ್ವಾಗತಾರ್ಹ. ಆದರೆ ಈ ವಿಮೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಮುಪ್ಪಿನ ಕಾಯಿಲೆಗಳಾದರೋ ಹೆಚ್ಚಾಗಿ ದಿನನಿತ್ಯದವು: ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಂಡಿನೋವು. ಅವಕ್ಕೆ ಬೇಕಾದುದು ತಪ್ಪದೆ ಸಿಗುವ ಮಾತ್ರೆ ಮತ್ತು ಪರಿಚಿತ ವೈದ್ಯರು.

ಊರಿನಲ್ಲಿ ಆಶಾ ಕಾರ್ಯಕರ್ತೆಗೆ ಈ ತಾಯಿಯ ಹೆಸರು ಗೊತ್ತು. ನಗರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿಯೂ ಮಾತ್ರೆ ಸಿಗಬಹುದು. ಆದರೆ ಆ ಕೇಂದ್ರ ಎಲ್ಲಿದೆಯೆಂದು ಆಕೆಗೆ ತಿಳಿಯದು, ಹಳೆಯ ಚೀಟಿ ಊರಿನಲ್ಲೇ ಉಳಿದಿದೆ, ಕರೆದೊಯ್ಯಲು ಮಗ ಒಂದು ದಿನದ ಕೂಲಿ ಬಿಡಬೇಕು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುವುದಾದರೆ, ಉಚಿತ ಮಾತ್ರೆಗೂ ಬೆಲೆಯಿದೆ. ಅದು ಕಳೆದುಕೊಂಡ ಆ ಕೂಲಿ. ಒಂದು ತಿಂಗಳ ಮಾತ್ರೆಗಾಗಿ ಹೈದರಾಬಾದಿನಿಂದ ಬಸ್ಸಿನಲ್ಲಿ ಭಾಲ್ಕಿಗೆ ಬಂದಿದ್ದ ವೃದ್ಧೆಯೊಬ್ಬರನ್ನು ನಾನು ಕಂಡಿದ್ದೇನೆ. ಹೀಗೆ ಬರಲಾಗದವರು ಮಾತ್ರೆಯನ್ನೇ ಬಿಡುತ್ತಾರೆ. ಕೊನೆಗೆ ಪಾರ್ಶ್ವವಾಯು ಬಡಿದಾಗ ವಿಮೆ ನೆರವಿಗೆ ಬರುತ್ತದೆ. ಅಗ್ಗದ ಮಾತ್ರೆ ಕೊಡದೆ ದುಬಾರಿ ಚಿಕಿತ್ಸೆಗೆ ಹಣ ತೆರುವುದು ಯಾವ ಲೆಕ್ಕಾಚಾರ?

ಪರಿಹಾರ ಕಷ್ಟವೇನಲ್ಲ. ಊರು ಬಿಡುವ ವೃದ್ಧರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರವು ಕಾಯಿಲೆಯ ವಿವರವುಳ್ಳ ಕಿರುಪುಸ್ತಕವನ್ನೂ ಸ್ಥಿರ ಆರೋಗ್ಯದವರಿಗೆ ಮೂರು ತಿಂಗಳ ಮಾತ್ರೆಯನ್ನೂ ಕೊಡಲಿ. ಬೀದರ್‌ನ ಆರೋಗ್ಯಾಧಿಕಾರಿಗಳು ನೆರೆರಾಜ್ಯಗಳ ಅಧಿಕಾರಿಗಳೊಡನೆ ಸಮಾಲೋಚಿಸಿ ಆ ಪುಸ್ತಕಕ್ಕೆ ಅಲ್ಲಿಯೂ ಮಾನ್ಯತೆ ದೊರಕಿಸಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಪ್ರತ್ಯೇಕ ಸರದಿ ಇರಬೇಕೆಂದು 2007ರ ಹಿರಿಯ ನಾಗರಿಕರ ಕಾಯ್ದೆ ಹೇಳುತ್ತದೆ; ಅದು ಎಲ್ಲೆಡೆ ಜಾರಿಗೆ ಬರಲಿ.

ಮಕ್ಕಳ ದುಡಿಮೆ ರಾಜ್ಯದ ಗಡಿ ದಾಟಿ ಎಷ್ಟೋ ಕಾಲವಾಯಿತು. ತಾಯಿಯ ಔಷಧಿ ಚೀಟಿ ಇನ್ನೂ ಈಚೆಗೇ ನಿಂತಿದೆ.