ಗಾಡಿ ರಾತ್ರಿ ಬೋಡಿಯಲ್ಲಿ ತಂಗಲಿ

ತಮಿಳುನಾಡಿನ ಕಂಬಂ ಕಣಿವೆಯವರಿಗೆ ಈಗ ಬುದ್ಧಿ ಹೇಳುವವರೇ ಜಾಸ್ತಿ. ಮದುರೈಗೆ ಹೋಗಲು ಕಾರು ಯಾಕೆ ತೆಗೆಯುತ್ತೀರಿ, ಬ್ರಾಡ್‌ಗೇಜ್ ಬಂದಿದೆಯಲ್ಲ, ರೈಲು ಹತ್ತಿ, ಪೆಟ್ರೋಲೂ ಉಳಿಯುತ್ತದೆ, ಹೊಗೆಯೂ ಕಡಿಮೆ ಎನ್ನುತ್ತಾರೆ. ಹೇಳುವವರು ಬಹುಪಾಲು ಮದುರೈಯವರು, ಇಲ್ಲವೇ ಚೆನ್ನೈಯವರು. ಮಾತಿನಲ್ಲಿ ತಪ್ಪೇನಿಲ್ಲ. ತಪ್ಪಿರುವುದು ಅವರು ಹತ್ತಿ ಎನ್ನುತ್ತಿರುವ ಗಾಡಿಯಲ್ಲಿ.

2022ರ ಮೇ 26ರಂದು ಪ್ರಧಾನಿ ಚೆನ್ನೈಯಲ್ಲಿ ನಿಂತು ಮದುರೈ–ತೇನಿ ಬ್ರಾಡ್‌ಗೇಜ್ ಮಾರ್ಗವನ್ನು ಉದ್ಘಾಟಿಸಿದರು. 75 ಕಿಲೋಮೀಟರ್ ಮಾರ್ಗ, ಐನೂರು ಕೋಟಿಗೂ ಮಿಕ್ಕಿದ ಖರ್ಚು. ಶುರುವಾದ ಪ್ಯಾಸೆಂಜರ್ ಗಾಡಿ ಒಂದೇ. ಬೆಳಗ್ಗೆ ಎಂಟೂವರೆಗೆ ಮದುರೈ ಬಿಟ್ಟು ತೇನಿಗೆ ಬರುತ್ತಿತ್ತು, ಸಂಜೆ ಆರು ಕಾಲಿಗೆ ತೇನಿ ಬಿಟ್ಟು ಮದುರೈಗೆ ಹೋಗುತ್ತಿತ್ತು. 2023ರ ಜೂನ್ 15ರಂದು ಗಾಡಿ ಇನ್ನೂ 15 ಕಿಲೋಮೀಟರ್ ಮುಂದೆ ಬೋಡಿನಾಯಕನೂರಿನ, ಅಂದರೆ ಬೋಡಿಯ, ತನಕ ಬಂತು. ದೂರ ಹೆಚ್ಚಿತೇ ಹೊರತು ದಿಕ್ಕು ಬದಲಾಗಲಿಲ್ಲ. ಬೆಳಗ್ಗೆ ಕಣಿವೆಯ ಕಡೆಗೆ, ಸಂಜೆ ನಗರದ ಕಡೆಗೆ.

ಕಣಿವೆಯವನೊಬ್ಬ ಈ ಗಾಡಿಯಲ್ಲಿ ಮದುರೈಗೆ ಹೋದರೆ ಏನಾಗುತ್ತದೆ ನೋಡಿ. ರಾತ್ರಿ ಎಂಟರ ಸುಮಾರಿಗೆ ಇಳಿಯುತ್ತಾನೆ. ಆಸ್ಪತ್ರೆಯ ಹೊರರೋಗಿ ವಿಭಾಗ ಮುಚ್ಚಿರುತ್ತದೆ, ಕೋರ್ಟು ಎದ್ದಿರುತ್ತದೆ, ಕಾಲೇಜು ಬಿಟ್ಟಿರುತ್ತದೆ. ಲಾಡ್ಜಿನಲ್ಲಿ ಮಲಗಬೇಕು. ಮರುದಿನ ಬೆಳಗಿನ ಗಾಡಿಗೆ ವಾಪಸು ಬಂದನೋ, ಹೋದ ಕೆಲಸ ಆಗಲಿಲ್ಲ. ಕೆಲಸ ಮುಗಿಸಿದನೋ, ಗಾಡಿ ಹೋಯಿತು. ಇಂಥ ವೇಳಾಪಟ್ಟಿಯನ್ನು ಕೈಯಲ್ಲಿ ಹಿಡಿದು ‘ಕಾರು ಬಿಡಿ’ ಎಂದು ಉಪದೇಶ ಮಾಡುವುದಕ್ಕೆ ಎದೆಗಾರಿಕೆ ಬೇಕು.

ಕರ್ನಾಟಕದ ಓದುಗರಿಗೆ ಈ ಕಣಿವೆಯ ಬಗ್ಗೆ ಎರಡು ಮಾತು. ತೇನಿ ಜಿಲ್ಲೆಯ ಈ ಸೀಮೆಯಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡ, ಹೊರಗೆ ತಮಿಳು ಮಾತಾಡುವ ಒಕ್ಕಲಿಗ ಕುಟುಂಬಗಳಿವೆ. ಕಾಪ್ಪಿಲಿಯರು ಎಂದು ಊರವರು ಕರೆಯುವುದು ಅವರನ್ನೇ. ಕಂಬಂನ ನಂದಗೋಪಾಲಸ್ವಾಮಿ ತಂಬಿರಾನ್ ಮಾಡುಗಳ ತೊಳು, ಅಂದರೆ ದೇವರ ದನಗಳ ದೊಡ್ಡಿ, ಅವರ ಉಸ್ತುವಾರಿಯಲ್ಲೇ ಇದೆ. ಪೊಂಗಲ್ ಸಮಯಕ್ಕೆ ಅಲ್ಲಿಗೆ ಸುತ್ತಲಿನ ಜನ ನೆರೆಯುತ್ತಾರೆ. 1895ರಲ್ಲಿ ಎಂಜಿನಿಯರ್ ಪೆನ್ನಿಕ್ವಿಕ್ ಕಟ್ಟಿದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟ ಕೊರೆದ ಸುರಂಗದಲ್ಲಿ ಈಚೆಗೆ ಹರಿದು ಗದ್ದೆಗೆ ಬೀಳುತ್ತದೆ. ಭತ್ತ, ಬಾಳೆ, 2023ರಲ್ಲಿ ಜಿಐ ಮಾನ್ಯತೆ ಪಡೆದ ಪನ್ನೀರ್ ದ್ರಾಕ್ಷಿ, ಎಲ್ಲ ಇದೆ. ಮದುರೈಯಲ್ಲಿರುವಂಥ ದೊಡ್ಡಾಸ್ಪತ್ರೆ, ಹೈಕೋರ್ಟು, ವಿಶ್ವವಿದ್ಯಾಲಯ ಮಾತ್ರ ಇಲ್ಲ. ಅವೆಲ್ಲಕ್ಕೂ ಸುಮಾರು 115 ಕಿಲೋಮೀಟರ್ ಆಚೆಯ ಮದುರೈಯೇ ಗತಿ.

ಆ 115 ಕಿಲೋಮೀಟರನ್ನು ಜನ ಹೇಗೆ ದಾಟುತ್ತಾರೆ ಎಂಬುದನ್ನು ಕಂಬಂ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಜಾವ ನಿಂತರೆ ಕಾಣಬಹುದು. ಎಕ್ಸ್‌ರೇ ಕವರನ್ನು ಮಡಚದಂತೆ ಎದೆಗವಚಿಕೊಂಡ ಮುದುಕಿ, ಪಕ್ಕದಲ್ಲಿ ಮಗಳು, ಮಗಳ ಕೈಯಲ್ಲಿ ಇಡ್ಲಿ ಡಬ್ಬಿಯೂ ಹಳೇ ಚೀಟಿಗಳ ಪ್ಲಾಸ್ಟಿಕ್ ಚೀಲವೂ. ಬಸ್ಸು ಉತ್ತಮಪಾಳ್ಯಂ, ಚಿನ್ನಮನೂರು, ವೀರಪಾಂಡಿ, ತೇನಿ ಹಾದು, ಆಂಡಿಪಟ್ಟಿ ಕಣಿವೆದಾರಿಯ ಬಂಡೆಗಳ ನಡುವೆ ಹತ್ತಿಳಿದು, ಉಸಿಲಂಪಟ್ಟಿ, ಚೆಕ್ಕಾನೂರಣಿ ಮುಟ್ಟಿ ಆರಪಾಳ್ಯಂ ನಿಲ್ದಾಣಕ್ಕೆ ಬರುವಷ್ಟರಲ್ಲಿ ಮೂರು ಗಂಟೆ ಹೋಗಿರುತ್ತದೆ. ಕಣ್ಣಿನ ಆಪರೇಷನ್ನಿಗೆ ಅರವಿಂದ ಆಸ್ಪತ್ರೆಗೋ, ದೊಡ್ಡ ಕಾಯಿಲೆಗೆ ಸರಕಾರಿ ರಾಜಾಜಿ ಆಸ್ಪತ್ರೆಗೋ ಅಲ್ಲಿಂದ ಇನ್ನೊಂದು ಬಸ್ಸು. ಹೈಕೋರ್ಟು ಪೀಠ 2004ರಲ್ಲಿ ಮದುರೈಗೆ ಬಂದಾಗ ಚೆನ್ನೈ ತನಕ ಅಲೆಯುವುದು ತಪ್ಪಿತೆಂದು ದಕ್ಷಿಣದ ಜಿಲ್ಲೆಗಳೆಲ್ಲ ಖುಷಿಪಟ್ಟವು. ಪೀಠವಿರುವುದು ಮೇಲೂರು ರಸ್ತೆಯಲ್ಲಿ, ತೇನಿ ಕಡೆಯಿಂದ ಬಂದವನು ಇಡೀ ನಗರವನ್ನು ಅಡ್ಡ ಹಾಯಬೇಕು.

ಮುದುಕಿಗೆ ಬಸ್ಸಿನಲ್ಲಿ ಕೂರಲಾಗದಿದ್ದರೆ ಬಾಡಿಗೆ ಕಾರು. ಇಬ್ಬರು ಮಕ್ಕಳು, ಒಬ್ಬ ಅಳಿಯ ಸೇರಿ ದುಡ್ಡು ಹಾಕುತ್ತಾರೆ. ಕಾರು ತೆಗೆಯುವವರೆಲ್ಲ ಷೋಕಿಗೆ ತೆಗೆಯುತ್ತಾರೆಂದು ತಿಳಿದವರು ಈ ಕಾರಿನ ಹಿಂದಿನ ಸೀಟಿನಲ್ಲಿ ಒಮ್ಮೆ ಇಣುಕಬೇಕು. ಬೋಡಿಯಿಂದಲೋ ತೇನಿಯಿಂದಲೋ ಮುಂಜಾನೆ ಆರಕ್ಕೊಂದು ಗಾಡಿ ಇದ್ದಿದ್ದರೆ ಒಂದೆರಡು ಗಂಟೆಯಲ್ಲಿ ಕಾಲು ಚಾಚಿಕೊಂಡು ಹೋಗಬಹುದಾಗಿದ್ದ ದಾರಿ ಇದು. ಗಾಡಿಯಲ್ಲಿ ಕಕ್ಕಸು ಇರುತ್ತದೆ ಎಂಬುದೊಂದೇ ಸಕ್ಕರೆ ಕಾಯಿಲೆಯವರಿಗೆ ಸಾಕಷ್ಟು ದೊಡ್ಡ ಕಾರಣ. ವೇಳಾಪಟ್ಟಿ ಬರೆಯುವವರಿಗೆ ಇದು ತೋಚುವುದಿಲ್ಲ.

ಹಾಗಾದರೆ ಈಗಿನ ಗಾಡಿ ಯಾರಿಗೆ? ಮದುರೈಯಲ್ಲಿ ಮನೆ ಮಾಡಿಕೊಂಡು ತೇನಿ, ಬೋಡಿಯ ಕಚೇರಿಗಳಲ್ಲಿ, ಶಾಲೆಗಳಲ್ಲಿ ನೌಕರಿ ಮಾಡುವವರಿಗೆ ಹೊಂದುವ ವೇಳೆ ಇದು. ಅವರೂ ಟಿಕೆಟ್ ಕೊಂಡೇ ಬರುತ್ತಾರೆ, ಅವರ ಗಾಡಿ ಕಿತ್ತುಕೊಳ್ಳಿ ಎನ್ನುತ್ತಿಲ್ಲ. ಆದರೆ ಕಣಿವೆಯನ್ನು ಆಳಲು ಬರುವವರಿಗೆ ರೈಲು, ಕಣಿವೆಯಿಂದ ನಗರಕ್ಕೆ ಅರ್ಜಿ ಹಿಡಿದು ಹೋಗುವವರಿಗೆ ಬಸ್ಸು ಎಂಬ ಏರ್ಪಾಡನ್ನು ಸಾರ್ವಜನಿಕ ಸೇವೆ ಎನ್ನಲು ನಾಲಗೆ ಏಳುವುದಿಲ್ಲ.

ಮಂಡ್ಯದವರಿಗೆ ಹೇಳಿದರೆ ಇದು ತಟ್ಟನೆ ಅರ್ಥವಾಗುತ್ತದೆ. ಚಾಮುಂಡಿ ಎಕ್ಸ್‌ಪ್ರೆಸ್ ಬೆಳಗ್ಗೆ ಮೈಸೂರು ಬಿಟ್ಟು ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರದವರನ್ನು ಆಫೀಸಿನ ಹೊತ್ತಿಗೆ ಬೆಂಗಳೂರಿಗೆ ತಂದಿಳಿಸುತ್ತದೆ, ಸಂಜೆ ಆರರ ಮೇಲೆ ಮನೆಗೆ ಒಯ್ಯುತ್ತದೆ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾದ ಮೇಲೂ ಆ ಗಾಡಿಯ ಜನರಲ್ ಬೋಗಿಯಲ್ಲಿ ನೂಕುನುಗ್ಗಲು ನಿಂತಿಲ್ಲ. ಅದೇ ಗಾಡಿಯನ್ನು ಬೆಳಗ್ಗೆ ಬೆಂಗಳೂರಿನಿಂದ ಬಿಟ್ಟು ಸಂಜೆ ಮೈಸೂರಿನಿಂದ ಹೊರಡಿಸುತ್ತೇವೆ ಎಂದು ರೈಲ್ವೆ ಒಂದು ಪ್ರಕಟಣೆ ಹೊರಡಿಸಿ ನೋಡಲಿ. ಮಂಡ್ಯದವರು ಹಳಿಯ ಮೇಲೆ ಕೂರುತ್ತಾರೆ. ಕಂಬಂನವರು ಕೂರಲಾರರು, ಕಾರಣ ಅವರ ಊರಿಗೆ ಹಳಿಯೇ ಇಲ್ಲ.

ಹಳಿ ಬೋಡಿಗೆ ಹೋದದ್ದು ಯಾಕೆ, ಕಂಬಂಗೆ ಬರದಿದ್ದದ್ದು ಯಾಕೆ ಎಂಬುದಕ್ಕೂ ಒಂದು ಹಿನ್ನೆಲೆ ಇದೆ. ಮೂನಾರಿನ ತೋಟಗಳ ಚಹಾ ಒಂದು ಕಾಲದಲ್ಲಿ ಕುಂಡಲ ಕಣಿವೆಯ ಪುಟ್ಟ ರೈಲಿನಲ್ಲಿ ಟಾಪ್ ಸ್ಟೇಷನ್ನಿಗೆ ಬಂದು, ಅಲ್ಲಿಂದ ರೋಪ್‌ವೇಯಲ್ಲಿ ಕೊಟ್ಟಗುಡಿಗೆ ಇಳಿದು, ಗಾಡಿರಸ್ತೆಯಲ್ಲಿ ಬೋಡಿ ಸೇರುತ್ತಿತ್ತು. 1924ರ ಮಹಾಪ್ರವಾಹ ಆ ಪುಟ್ಟ ರೈಲನ್ನು ಕೊಚ್ಚಿಕೊಂಡು ಹೋಯಿತು. ಮದುರೈ–ಬೋಡಿ ಮೀಟರ್‌ಗೇಜ್ ಬಂದದ್ದು 1928ರಲ್ಲಿ. ಎಂದರೆ ಈ ಮಾರ್ಗದ ಕಣ್ಣು ಮೊದಲಿಂದಲೂ ಚಹಾ ಪೆಟ್ಟಿಗೆ, ಏಲಕ್ಕಿ ಮೂಟೆಯ ಮೇಲೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಳಿಯನ್ನೇ ಕಿತ್ತೊಯ್ದರು, ಐವತ್ತರ ದಶಕದಲ್ಲಿ ಮತ್ತೆ ಹಾಸಿದರು. 2010ರ ಕೊನೆಗೆ ಗೇಜ್ ಬದಲಾವಣೆಗೆಂದು ನಿಲ್ಲಿಸಿದ ಗಾಡಿ ತೇನಿಗೆ ಮರಳಲು ಹನ್ನೊಂದು ವರ್ಷ ದಾಟಿತು. ಶಾಲೆಗೆ ಸೇರಿದ ಮಗು ಎಸ್ಸೆಸ್ಸೆಲ್ಸಿ ಮುಗಿಸುವಷ್ಟು ಕಾಲ. ಅಷ್ಟರಲ್ಲಿ ಒಂದು ತಲೆಮಾರು ರೈಲಿನ ರೂಢಿಯನ್ನೇ ಮರೆತು ಬೈಕು ಕೊಂಡಿತು, ಬೈಕಿನವರು ಕಾರಿಗೆ ಕಂತು ಕಟ್ಟತೊಡಗಿದರು. ಈಗ ಪ್ರಯಾಣಿಕರೇ ಇಲ್ಲ ಎಂದು ದೂರಿದರೆ?

ಪ್ರಯಾಣಿಕರಿಲ್ಲ ಎಂಬ ವಾದದ ಹೂರಣ ಇಷ್ಟೇ. ಬೇಡದ ಹೊತ್ತಿಗೆ ಗಾಡಿ ಬಿಡುವುದು, ಹತ್ತುವವರ ತಲೆ ಎಣಿಸುವುದು, ಬೇಡಿಕೆ ಸಾಲದು ಎಂದು ಷರಾ ಬರೆಯುವುದು.

ಇನ್ನೊಂದು ಉತ್ತರ ತಾಂತ್ರಿಕವಾದದ್ದು. ಗಾಡಿಯ ತಪಾಸಣೆಗೆ ಪಿಟ್‌ಲೈನ್ ಬೇಕು, ಅದಿರುವುದು ಮದುರೈಯಲ್ಲಿ, ಆದ್ದರಿಂದ ಗಾಡಿ ರಾತ್ರಿ ಮದುರೈಯಲ್ಲೇ ಇರಬೇಕು ಎನ್ನುವುದು. ಕೇಳಲು ಗಟ್ಟಿಯಾಗಿದೆ. ಆದರೆ ಚೆನ್ನೈ ಸೆಂಟ್ರಲ್‌ನಿಂದ ವಾರಕ್ಕೆ ಮೂರು ದಿನ ಬೋಡಿಗೆ ಬರುವ ಎಕ್ಸ್‌ಪ್ರೆಸ್ಸಿನ ವೇಳಾಪಟ್ಟಿ ನೋಡಿ: ಬೆಳಗ್ಗೆ ಒಂಬತ್ತೂವರೆಯ ಸುಮಾರಿಗೆ ಬೋಡಿ ತಲುಪುತ್ತದೆ, ರಾತ್ರಿ ಎಂಟೂವರೆಗೆ ಹೊರಡುತ್ತದೆ. ಅಷ್ಟುದ್ದದ ಗಾಡಿಯನ್ನು ಸಂಭಾಳಿಸುವ ನಿಲ್ದಾಣ ಒಂದು ಚಿಕ್ಕ ಪ್ಯಾಸೆಂಜರನ್ನು ರಾತ್ರಿ ನಿಲ್ಲಿಸಿಕೊಳ್ಳಲಾರದೆ? ಪಿಟ್‌ಲೈನಿನ ತಪಾಸಣೆಗೆ ಗಾಡಿ ಮದುರೈಗೆ ಹೋಗಲಿ, ವೇಳಾಪಟ್ಟಿ ತಿರುಗಿಸಿದರೆ ಬೆಳಗ್ಗೆ ಬಂದು ಸಂಜೆ ಹೊರಡುವ ತನಕ ಹಗಲಿಡೀ ಅಲ್ಲೇ ಇರುತ್ತದಲ್ಲ. ಬೋಡಿಯಲ್ಲಿ ಬೇಕಿರುವುದು ನಿಲ್ಲಲು ಒಂದು ಲೈನು, ಬೋಗಿಗೆ ನೀರು, ಲೋಕೋ ಪೈಲಟ್ ಮತ್ತು ಗಾರ್ಡು ಮಲಗಲು ನಾಲ್ಕು ಮಂಚದ ರನ್ನಿಂಗ್ ರೂಮು. ಐನೂರು ಕೋಟಿ ಸುರಿದ ಮೇಲೆ ನಾಲ್ಕು ಮಂಚಕ್ಕೆ ದುಡ್ಡಿಲ್ಲವೆಂದರೆ ನಂಬುವುದು ಕಷ್ಟ.

ಕಣಿವೆಯ ಮುಂದಾಳುಗಳ ಮೇಲೂ ನನಗೆ ತಕರಾರಿದೆ. ದಿಂಡಿಗಲ್‌ನಿಂದ ತೇನಿ, ಕಂಬಂ ಮೂಲಕ ಬೆಟ್ಟದ ಬುಡದ ಲೋವರ್ ಕ್ಯಾಂಪ್‌ವರೆಗೆ ಹೊಸ ರೈಲು ಬೇಕೆಂಬ ಕೂಗು ದಶಕಗಳದು. ಮನವಿ, ಧರಣಿ, ಪ್ರತಿ ಚುನಾವಣೆಯ ಪ್ರಣಾಳಿಕೆ, ಎಲ್ಲ ಆಗಿವೆ. ಅದನ್ನು ಮಂಡಿಸುವಾಗ ಮೊದಲು ಬಾಯಿಗೆ ಬರುವುದು ಶಬರಿಮಲೆ ಯಾತ್ರಿಗಳು. ಕುಮಳಿ ದಾರಿಯಲ್ಲಿ ಮಂಡಲ–ಮಕರವಿಳಕ್ಕಿನ ಕಾಲಕ್ಕೆ ವಾಹನಗಳ ಸಾಲು ಎಷ್ಟಿರುತ್ತದೆಂದು ಕರ್ನಾಟಕದಿಂದ ಆ ದಾರಿ ಹಿಡಿದ ಅಯ್ಯಪ್ಪ ಭಕ್ತರಿಗೂ ಗೊತ್ತು. ಆದರೆ ಎರಡು ತಿಂಗಳ ಯಾತ್ರೆಯನ್ನು ಮುಂದಿಟ್ಟು ಹನ್ನೆರಡು ತಿಂಗಳ ರೋಗಿ, ವಿದ್ಯಾರ್ಥಿ, ಕಕ್ಷಿದಾರನನ್ನು ಹಿಂದಿಡುವುದು ಯಾವ ಜಾಣತನ? ಹೊಸ ಮಾರ್ಗಕ್ಕೆ ನೆಲ ಬೇಕು. ಲೋವರ್ ಕ್ಯಾಂಪ್‌ನಿಂದ ಪಳನಿಚೆಟ್ಟಿಪಟ್ಟಿ ತನಕ ಪೆರಿಯಾರ್ ನೀರಿನಲ್ಲಿ ಎರಡು ಬೆಳೆ ಬೆಳೆಯುವ 14,707 ಎಕರೆಯ ಗದ್ದೆಸಾಲನ್ನು ಹೆದ್ದಾರಿಯ ಬೈಪಾಸು, ಲೇಔಟುಗಳು ಈಗಾಗಲೇ ಒತ್ತುತ್ತಿವೆ. ರೈಲು ಬರಲಿ, ಬೇಡವೆನ್ನುವವನು ನಾನಲ್ಲ. ಅದು ಬರುವ ಹೊತ್ತಿಗೆ ಈಗಿನ ಹೋರಾಟಗಾರರ ಮೊಮ್ಮಕ್ಕಳು ಟಿಕೆಟ್ ಕೊಳ್ಳುತ್ತಾರೆ. ವೇಳಾಪಟ್ಟಿ ತಿರುಗಿಸಲು ಒಂದು ಗುಂಟೆ ನೆಲವೂ ಬೇಡ. ಆದರೂ ಅದಕ್ಕಾಗಿ ಧರಣಿ ಕೂರುವವರು ಕಡಿಮೆ, ಶಂಕುಸ್ಥಾಪನೆಯ ಕಲ್ಲಿನಲ್ಲಿ ಹೆಸರು ಕೊರೆಸುವ ಅವಕಾಶ ಅದರಲ್ಲಿ ಇಲ್ಲವಲ್ಲ.

ರಾಜ್ಯ ಸರಕಾರವೂ ಪಾರಾಗುವಂತಿಲ್ಲ. ಕಂಬಂನಿಂದ ತೇನಿಗೆ 40 ಕಿಲೋಮೀಟರ್ ಚಿಲ್ಲರೆ. ಬಸ್ಸಿನಲ್ಲಿ ತೇನಿಗೆ ಬಂದು ರೈಲು ಹಿಡಿಯೋಣವೆಂದರೆ ಹೊಸ ಬಸ್ ಸ್ಟ್ಯಾಂಡ್ ಒಂದು ದಿಕ್ಕು, ರೈಲ್ವೆ ಸ್ಟೇಷನ್ ಇನ್ನೊಂದು ದಿಕ್ಕು, ನಡುವೆ ಆಟೋದವನ ಜೊತೆ ಚೌಕಾಸಿ. ಹೆಂಗಸರಿಗೆ ತಮಿಳುನಾಡಿನಲ್ಲಿ 2021ರಿಂದ ಬಸ್ ಪ್ರಯಾಣ ಉಚಿತ, ನಮ್ಮ ಶಕ್ತಿ ಯೋಜನೆಗಿಂತ ಎರಡು ವರ್ಷ ಮೊದಲೇ. ಆದರೆ ಅದು ಸಾಧಾರಣ ಟೌನ್ ಬಸ್ಸಿಗೆ ಮಾತ್ರ. ಕಂಬಂನಿಂದ ಮದುರೈಗೆ ಹೋಗುವ ದೂರದ ಬಸ್ಸಿನಲ್ಲಿ ಆ ಮುದುಕಿ, ಮಗಳು ಇಬ್ಬರೂ ಪೂರಾ ಟಿಕೆಟ್ ತೆರಬೇಕು. ನಸುಕಿನ ರೈಲಿಗೆ ಹೊಂದುವಂತೆ ಕಂಬಂನಿಂದ, ಚಿನ್ನಮನೂರಿನಿಂದ ಎರಡು ಬಸ್ಸುಗಳನ್ನು ನೇರ ಸ್ಟೇಷನ್ನಿನ ಬಾಗಿಲಿಗೆ ಓಡಿಸಿದರೆ ಅರ್ಧ ತಕರಾರು ಮುಗಿಯುತ್ತದೆ.

ಬೆಂಗಳೂರಿನಲ್ಲಿರುವ ಕಣಿವೆಯವರ ಲೆಕ್ಕ ಬೇರೆ. ಹಬ್ಬಕ್ಕೆ ಊರಿಗೆ ಹೊರಟರೆ ಸುಮಾರು ಐನೂರು ಕಿಲೋಮೀಟರ್. ಕಾರಾದರೆ ಹೊಸೂರು, ಕೃಷ್ಣಗಿರಿ, ಲಾರಿಗಳು ಬ್ರೇಕು ಕಳೆದುಕೊಂಡು ಉರುಳುವ ತೊಪ್ಪೂರು ಘಾಟಿ, ಸೇಲಂ, ನಾಮಕ್ಕಲ್, ಕರೂರು, ದಿಂಡಿಗಲ್. ರೈಲಾದರೆ ಮೈಸೂರು–ತೂತ್ತುಕುಡಿ ಎಕ್ಸ್‌ಪ್ರೆಸ್ ರಾತ್ರಿ ಬೆಂಗಳೂರಿನಲ್ಲಿ ಹತ್ತಿಸಿಕೊಂಡು ಬೆಳಗಾಗುವಾಗ ದಿಂಡಿಗಲ್‌ನಲ್ಲಿ ಇಳಿಸುತ್ತದೆ. ಹಗಲು ಶುರುವಾಗುವ ಹೊತ್ತಾದ್ದರಿಂದ ಮುಂದೆ ಬಸ್ಸು ಧಾರಾಳ. 2024ರ ಆಗಸ್ಟ್ 31ರಂದು ಮದುರೈ–ಬೆಂಗಳೂರು ಕಂಟೋನ್ಮೆಂಟ್ ವಂದೇ ಭಾರತ್ ಕೂಡ ಬಂತು. ಬೆಂಗಳೂರಿನಿಂದ ಮಧ್ಯಾಹ್ನ ಹೊರಟು, ತಿರುಚ್ಚಿ ಸುತ್ತಿಕೊಂಡು, ದಿಂಡಿಗಲ್ ಮುಟ್ಟುವುದು ರಾತ್ರಿ ಎಂಟು ದಾಟಿದ ಮೇಲೆ. ಬೆಳ್ಳಗೆ ಹೊಳೆಯುವ ಗಾಡಿಯಿಂದ ಇಳಿದವನು ಹಳೇ ಬಸ್ಸಿನಲ್ಲಿ ನಡುರಾತ್ರಿ ಕಂಬಂ ಸೇರಬೇಕು. ಮಕ್ಕಳಿದ್ದವರು ಕಾರೇ ವಾಸಿ ಎನ್ನುತ್ತಾರೆ. ನಾನು ತೂತ್ತುಕುಡಿ ಗಾಡಿಯ ಪಕ್ಷ. ವೇಗ ಕಡಿಮೆಯಾದರೂ ಇಳಿಸುವ ಹೊತ್ತು ಸರಿಯಾಗಿದೆ.

ಬೋಡಿಯ ಗಾಡಿಗೆ ಬೇಕಾದದ್ದೂ ಈ ಹೊತ್ತಿನ ವಿವೇಕವೇ. ಸಂಜೆ ಮದುರೈಯಿಂದ ಹೊರಟ ಗಾಡಿ ಬೋಡಿಯಲ್ಲಿ ತಂಗಲಿ, ನಸುಕಿನಲ್ಲಿ ಹೊರಟು ಎಂಟರೊಳಗೆ ಮದುರೈ ಮುಟ್ಟಲಿ. ಮದುರೈಯಿಂದ ಬರುವ ನೌಕರರಿಗೆ ಈಗಿನ ಗಾಡಿಯೂ ಇರಲಿ, ಅವರಿಗೊಂದು, ಇವರಿಗೊಂದು. ಎರಡನೇ ಗಾಡಿಗೆ ಬೋಗಿ ಇಲ್ಲವೆಂದು ಮದುರೈ ವಿಭಾಗ ಹೇಳುವುದಾದರೆ ಆರು ತಿಂಗಳ ಮಟ್ಟಿಗೆ ಇರುವ ಒಂದನ್ನೇ ತಿರುಗಿಸಿ ಓಡಿಸಲಿ, ಆಮೇಲೆ ತೇನಿ, ಆಂಡಿಪಟ್ಟಿ, ಉಸಿಲಂಪಟ್ಟಿಯ ಟಿಕೆಟ್ ಲೆಕ್ಕವನ್ನು ಹಳೆಯ ಆರು ತಿಂಗಳ ಲೆಕ್ಕದ ಪಕ್ಕದಲ್ಲಿಟ್ಟು ಪ್ರಕಟಿಸಲಿ. ಆಗಲೂ ಬೋಗಿ ಖಾಲಿ ಓಡಿದರೆ ಕಾರಿನವರಿಗೆ ಬುದ್ಧಿ ಹೇಳುವ ಸರದಿಯಲ್ಲಿ ನಾನೂ ನಿಲ್ಲುತ್ತೇನೆ.