ಸುಂಕ ಪಡೆದವನ ಹೊಣೆ

ಪೀಣ್ಯದ ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ರಫ್ತಿನ ಕೆಲಸ ನೋಡಿಕೊಳ್ಳುವ ಪರಿಚಿತರು ಈಚೆಗೆ ಒಂದು ಪ್ರಶ್ನಾವಳಿಯನ್ನು ಓದಲು ಕೊಟ್ಟರು. ಅಮೆರಿಕದ ಖರೀದಿದಾರರು ಕಳಿಸಿದ್ದು. ಕಂಟೇನರ್ ತುಂಬುವ ಜಾಗಕ್ಕೆ ಬೇಲಿ ಇದೆಯೇ, ಸೀಲುಗಳನ್ನಿಟ್ಟ ಕಪಾಟಿನ ಕೀಲಿಕೈ ಯಾರ ಬಳಿ, ಕೆಲಸ ಬಿಟ್ಟು ಹೋದವರಿಂದ ಗುರುತಿನ ಚೀಟಿ ಹಿಂದಕ್ಕೆ ಪಡೆದಿದ್ದೀರಾ, ಲಾರಿ ಚಾಲಕನ ಲೈಸೆನ್ಸ್ ನೋಡಿದವರು ಯಾರು ಎಂದು ಪುಟಗಟ್ಟಲೆ ಪ್ರಶ್ನೆಗಳು. ಎಲ್ಲವೂ ಕೇಳಬೇಕಾದವೇ. ಆದರೆ ತಲೆಯಿಂದ ಇಳಿಯದೆ ಕಾಡುತ್ತಿರುವುದು ಕೊನೆಗಿದ್ದ ಒಂದು ಷರತ್ತು: ಸರಕು ಕಾರ್ಖಾನೆಯಿಂದ ಹೊರಟು ಹಡಗೇರುವ ತನಕ ಅದರ ಭದ್ರತೆಯ ಪೂರ್ತಿ ಹೊಣೆ ಸರಬರಾಜುದಾರನದು, ಅವನ ಕೈಕೆಳಗಿನ ಗುತ್ತಿಗೆದಾರರ ಪರವಾಗಿಯೂ ಅವನೇ ಉತ್ತರ ಕೊಡಬೇಕು.

ನಮ್ಮ ಹಳೆಯ ಶಾಸನಗಳಲ್ಲಿ ಬರುವ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಬಗ್ಗೆ ಈ ಅಂಕಣದಲ್ಲಿ ಬರೆದಾಗ ಹಲವರು ಪತ್ರ ಹಾಕಿ, ಇಷ್ಟು ಬಗೆಯ ಸುಂಕ ತೆತ್ತ ವರ್ತಕನಿಗೆ ಪ್ರತಿಯಾಗಿ ಸಿಗುತ್ತಿದ್ದುದು ಏನು ಎಂದು ಕೇಳಿದ್ದರು. ಆ ಪ್ರಶ್ನೆಯನ್ನು ಅಂದು ಮುಂದಕ್ಕೆ ಹಾಕಿದ್ದೆ. ಈ ಷರತ್ತನ್ನು ಓದಿದ ಮೇಲೆ ಅದು ಮತ್ತೆ ಎದುರಿಗೆ ಬಂದು ನಿಂತಿದೆ.

ಮೊದಲು ಇಂದಿನ ವ್ಯವಸ್ಥೆ. 2001ರ ಸೆಪ್ಟೆಂಬರಿನ ದಾಳಿಯಾದ ಎರಡೇ ತಿಂಗಳಲ್ಲಿ ಅಮೆರಿಕದ ಸುಂಕ ಇಲಾಖೆ ಏಳು ದೊಡ್ಡ ಆಮದುದಾರ ಕಂಪನಿಗಳನ್ನು ಜೊತೆಗಿಟ್ಟುಕೊಂಡು ಸಿಟಿಪ್ಯಾಟ್ ಯೋಜನೆ ಶುರುಮಾಡಿತು. ಇಂದು ಅದರ ಸದಸ್ಯರು ಹತ್ತು ಸಾವಿರಕ್ಕೂ ಮಿಕ್ಕಿದ್ದಾರೆ. ಸದಸ್ಯರಾದ ಆಮದುದಾರರು ತಮ್ಮ ಸರಕು ಹುಟ್ಟುವ ಜಾಗದಿಂದಲೇ ಅದನ್ನು ಕಾಯುವ ಮಾತು ಕೊಡುತ್ತಾರೆ. ಪ್ರತಿಯಾಗಿ ಅವರ ಕಂಟೇನರ್‌ಗಳಿಗೆ ತಪಾಸಣೆ ಕಡಿಮೆ, ತಪಾಸಣೆ ಬಂದರೂ ಸರದಿಯಲ್ಲಿ ಮುಂದಿನ ಜಾಗ. 2005ರಲ್ಲಿ ವಿಶ್ವ ಸುಂಕ ಸಂಘಟನೆ ಇದೇ ದಾರಿಯ ಚೌಕಟ್ಟನ್ನು ಅಂಗೀಕರಿಸಿತು. ನಮ್ಮಲ್ಲಿ ಅದು ಎಇಒ (ಆಥರೈಸ್ಡ್ ಎಕನಾಮಿಕ್ ಆಪರೇಟರ್) ಎಂಬ ಹೆಸರಿನಲ್ಲಿದೆ. ಇದಕ್ಕೆ ಕಾರಣವಿರಲಿಲ್ಲ ಎನ್ನಲಾಗದು. 2010ರ ಅಕ್ಟೋಬರಿನಲ್ಲಿ ಯೆಮೆನ್‌ನಿಂದ ಹೊರಟ ಎರಡು ಪಾರ್ಸೆಲ್‌ಗಳ ಪ್ರಿಂಟರ್ ಕಾರ್ಟ್ರಿಜ್‌ಗಳಲ್ಲಿ ಸ್ಫೋಟಕ ತುಂಬಿತ್ತು. ಒಂದು ಇಂಗ್ಲೆಂಡಿನಲ್ಲಿ, ಇನ್ನೊಂದು ದುಬೈಯಲ್ಲಿ ಸಿಕ್ಕಿತು. ಅಪಾಯ ಸರಕಿನೊಳಕ್ಕೆ ಅದನ್ನು ಕಟ್ಟುವ ಕಡೆಯಲ್ಲೇ ಸೇರಿಬಿಡಬಹುದು ಎಂಬುದು ಜಗತ್ತಿಗೆ ಅಂದು ಗಟ್ಟಿಯಾಗಿ ತಿಳಿಯಿತು.

ಹಾಗಾಗಿ ಕಾರ್ಖಾನೆಯ ಹಿಂಬಾಗಿಲಲ್ಲಿ ನಡೆಯುವ ಕೆಲಸಕ್ಕೆ ಬೆಲೆ ಬಂದಿದೆ. ಖಾಲಿ ಕಂಟೇನರ್ ಬಂದು ನಿಂತೊಡನೆ ಅದರ ಮುಂಗೋಡೆ, ಎಡಬಲದ ಗೋಡೆ, ನೆಲ, ಚಾವಣಿ, ಬಾಗಿಲು, ತಳಭಾಗ ಎಲ್ಲವನ್ನೂ ನೋಡಬೇಕು. ಇದನ್ನೇ ಏಳು ಅಂಶಗಳ ತಪಾಸಣೆ ಎನ್ನುತ್ತಾರೆ. ನಲವತ್ತು ಅಡಿಯ ಕಂಟೇನರಿನ ಒಳ ಉದ್ದ ಸುಮಾರು 12 ಮೀಟರ್ ಇರಬೇಕು. ಟೇಪು ಹಿಡಿದಾಗ ಗಣನೀಯವಾಗಿ ಕಡಿಮೆ ಬಂದರೆ ಮುಂದೆ ಸುಳ್ಳು ಗೋಡೆ ಇದೆಯೆಂದು ಅನುಮಾನಿಸಬೇಕು. ಗೋಡೆಯನ್ನು ತಟ್ಟಿ ಸದ್ದು ಕೇಳಬೇಕು. ತುಂಬುವಾಗ ಪೆಟ್ಟಿಗೆಗಳನ್ನು ಎಣಿಸಿ ಬರೆದುಕೊಳ್ಳಬೇಕು. ಬಾಗಿಲು ಮುಚ್ಚಿ ಐಎಸ್‌ಒ 17712 ದರ್ಜೆಯ ಬೋಲ್ಟ್ ಸೀಲ್ ಹಾಕಿ, ಸಂಖ್ಯೆ ತಾಳೆ ನೋಡಿ, ಎಳೆದು, ತಿರುಚಿ ನೋಡಬೇಕು. ಮರದ ಪ್ಯಾಲೆಟ್ ಇದ್ದರೆ ಅದರ ತಿರುಳು 56 ಡಿಗ್ರಿ ಬಿಸಿಯಲ್ಲಿ ಅರ್ಧ ಗಂಟೆ ಇದ್ದು ಬಂದ ಗುರುತೂ ಬೇಕು.

ಇಲ್ಲಿ ನನ್ನನ್ನು ಬಹುಕಾಲದಿಂದ ಕೆರಳಿಸುತ್ತಿರುವ ಸಂಗತಿಯೊಂದನ್ನು ಹೇಳಲೇಬೇಕು. ಈ ಸೂಚನೆಗಳೆಲ್ಲ ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಅಂಟಿಸಿರುತ್ತವೆ. ಅದರ ಕೆಳಗೆ ನಿಂತು ಪೆಟ್ಟಿಗೆ ಹೊರುವವರು ಕನ್ನಡದವರು, ಒಡಿಶಾದವರು, ಬಿಹಾರದವರು. ಕಂಟೇನರಿನ ತಳದಲ್ಲಿ ಹೊಸ ಬೆಸುಗೆ ಕಂಡರೆ ಯಾರಿಗೆ ಹೇಳಬೇಕು ಎಂಬುದು ಅವರಿಗೆ ಅವರ ಮಾತಿನಲ್ಲಿ ತಿಳಿಸದೆ ‘ತರಬೇತಿ ಕೊಡಲಾಗಿದೆಯೇ’ ಎಂಬ ಪ್ರಶ್ನೆಗೆ ‘ಹೌದು’ ಎಂದು ಗುರುತು ಹಾಕಿ ಕಳಿಸುತ್ತಾರೆ. ತಪಾಸಣೆಗೆ ಬಂದವರು ಪೋಸ್ಟರಿನ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಇದು ಬರೀ ಭಾಷಾಭಿಮಾನದ ಮಾತಲ್ಲ. ಅಪಾಯವನ್ನು ಮೊದಲು ಕಾಣುವ ಕಣ್ಣು ಆ ಹಮಾಲಿಯದು. ಅವನ ಬಾಯಿ ಕಟ್ಟಿದರೆ ಯಾವ ಕ್ಯಾಮೆರಾವೂ ನೆರವಿಗೆ ಬಾರದು.

ಇನ್ನು ಸೀಲಿನ ವಿಷಯ. ಮಣ್ಣಿನ ಮುದ್ರೆಗಳ ಮೇಲೆ ನನಗಿರುವ ವ್ಯಾಮೋಹ ಈ ಅಂಕಣದ ಓದುಗರಿಗೆ ಹೊಸದಲ್ಲ. ನಮ್ಮ ಶಿವಮೊಗ್ಗ ಜಿಲ್ಲೆಯವರಾದ ಪುರಾತತ್ತ್ವಜ್ಞ ಎಸ್.ಆರ್. ರಾವ್ ಹರಪ್ಪ ಕಾಲದ ಲೋಥಲ್‌ನ ಉಗ್ರಾಣದಲ್ಲಿ ಅಗೆದು ತೆಗೆದ ಮಣ್ಣಿನ ಒತ್ತುಗಳ ಬೆನ್ನಿನಲ್ಲಿ ಹಗ್ಗ, ಚಾಪೆ, ಬಟ್ಟೆಯ ಗುರುತುಗಳಿದ್ದವು. ನಾಲ್ಕು ಸಾವಿರ ವರ್ಷಗಳ ಹಿಂದೆ ಒಬ್ಬ ಮೂಟೆ ಕಟ್ಟಿ, ಗಂಟಿನ ಮೇಲೆ ಹಸಿಮಣ್ಣು ಮೆತ್ತಿ, ಮುದ್ರೆ ಒತ್ತಿದ. ಆದರೆ ಆ ಮಣ್ಣು ಕಳ್ಳನನ್ನು ತಡೆಯಬಲ್ಲದೇ? ಬೆರಳಿನಿಂದಲೇ ಒಡೆಯಬಹುದು. ಒಡೆದದ್ದು ಗೊತ್ತಾಗಲಿ ಎಂಬುದಷ್ಟೇ ಅದರ ಕೆಲಸ. ಉಕ್ಕಿನ ಬೋಲ್ಟ್ ಸೀಲಿನ ಕೆಲಸವೂ ಬಹುಮಟ್ಟಿಗೆ ಅಷ್ಟೇ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ರೋಜರ್ ಜಾನ್‌ಸ್ಟನ್ ಅವರ ತಂಡ ಇನ್ನೂರಕ್ಕೂ ಹೆಚ್ಚು ಬಗೆಯ ಸೀಲುಗಳನ್ನು ಪರೀಕ್ಷಿಸಿ, ಸಾಧಾರಣ ಉಪಕರಣಗಳಿಂದಲೇ ಅವನ್ನು ಮಣಿಸಿ ತೋರಿಸಿತು. ಬಾಗಿಲಿನ ಹಿಡಿಯ ರಿವೆಟ್ ಕಿತ್ತರೆ ಸೀಲಿಗೆ ಗೀರೂ ಬೀಳದೆ ಕಂಟೇನರ್ ತೆರೆಯುತ್ತದೆ.

2019ರ ಜೂನ್‌ನಲ್ಲಿ ಫಿಲಡೆಲ್ಫಿಯಾ ಬಂದರಿನಲ್ಲಿ ಎಂಎಸ್‌ಸಿ ಗಯಾನೆ ಹಡಗಿನ ಮೇಲೆ ಸುಮಾರು 18 ಟನ್ ಕೊಕೇನ್ ಸಿಕ್ಕಿತು. ನಡುಗಡಲಿನಲ್ಲಿ ದೋಣಿಗಳಲ್ಲಿ ಬಂದ ಮೂಟೆಗಳನ್ನು ಹಡಗಿನ ಸಿಬ್ಬಂದಿಯೇ ಕ್ರೇನಿನಿಂದ ಎತ್ತಿ, ಕಂಟೇನರ್‌ಗಳನ್ನು ತೆರೆದು ಒಳಗಿಟ್ಟು, ನಕಲಿ ಸೀಲು ಹಾಕಿದ್ದರು. ಆ ಕಂಟೇನರ್‌ಗಳನ್ನು ತುಂಬಿದ ಸರಬರಾಜುದಾರ ಏಳು ಅಂಶಗಳನ್ನು ಎಷ್ಟೇ ಶ್ರದ್ಧೆಯಿಂದ ನೋಡಿದ್ದರೂ ಇದನ್ನು ತಡೆಯಲಾಗುತ್ತಿರಲಿಲ್ಲ.

ಹೀಗೆ ಸೀಲಿನ ಬಲಾಬಲ ಲೆಕ್ಕ ಹಾಕುತ್ತ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುಂಕದ ಅಧಿಕಾರಿಯ ಕೆಲಸ ಹೇಳುವ ಶುಲ್ಕಾಧ್ಯಕ್ಷ ಪ್ರಕರಣಕ್ಕೆ ಹೋದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕಂಡು, 1909ರಲ್ಲಿ ಅಚ್ಚು ಮಾಡಿಸಿದ ಆ ಗ್ರಂಥಕ್ಕೆ ನಾನು ಯಾವ ನೆಪ ಸಿಕ್ಕರೂ ಮರಳುತ್ತೇನೆ. ಪಟ್ಟಣದ ಹೆಬ್ಬಾಗಿಲ ಬಳಿ ಬಾವುಟ ಹಾರಿಸಿದ ಸುಂಕದ ಕಟ್ಟೆ. ಅಲ್ಲಿ ಸುಂಕ ಪಡೆಯುವ ನಾಲ್ಕೈದು ಮಂದಿ. ಬಂದ ಸಾರ್ಥದ, ಅಂದರೆ ವ್ಯಾಪಾರಿ ತಂಡದ, ವರ್ತಕರು ಯಾರು, ಎಲ್ಲಿಯವರು, ಸರಕೆಷ್ಟು, ಗುರುತು ಮುದ್ರೆ ಬಿದ್ದದ್ದು ಎಲ್ಲಿ ಎಂದು ಬರೆದುಕೊಳ್ಳಬೇಕು. ಮುದ್ರೆಯಿಲ್ಲದಿದ್ದರೆ ಸುಂಕದ ಇಮ್ಮಡಿ ದಂಡ. ಖೋಟಾ ಮುದ್ರೆಯಾದರೆ ಎಂಟು ಪಟ್ಟು. ಮುದ್ರೆ ಒಡೆದಿದ್ದರೆ ಹಣದ ದಂಡವಿಲ್ಲ. ವರ್ತಕನನ್ನು ಕಟ್ಟೆಯಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಈ ವ್ಯತ್ಯಾಸ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಖೋಟಾ ಮಾಡುವುದು ಬೇಕೆಂದೇ ಮಾಡುವ ಮೋಸ, ಒಡೆದದ್ದು ದಾರಿಯ ಕುಲುಕಾಟದಿಂದಲೂ ಆಗಿರಬಹುದು ಎಂಬ ವಿವೇಕ ಆ ನಿಯಮದ ಹಿಂದಿದೆ ಎಂದು ನಾನು ಓದಿಕೊಳ್ಳುತ್ತೇನೆ. ವರ್ತಕರ ವೇಷದ ಗೂಢಚಾರರು ಸಾರ್ಥದ ಗಾತ್ರವನ್ನು ಮುಂಚಿತವಾಗಿ ರಾಜನಿಗೆ ತಿಳಿಸುವ ಏರ್ಪಾಡೂ ಇದೆ. ಹಡಗಿಗೆ ಸರಕೇರಿಸುವ 24 ಗಂಟೆ ಮೊದಲೇ ವಿವರ ಕೊಡಿ ಎಂದು ಇಂದು ಅಮೆರಿಕ ಕೇಳುವುದೂ ಇಂಥ ಮುನ್ಸೂಚನೆಗಾಗಿಯೇ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಪ್ರಕರಣದಲ್ಲಿ ಮುಂದೆ ಬರುವ ಅಂತಪಾಲ, ಅಂದರೆ ಗಡಿಯ ಅಧಿಕಾರಿ. ಅವನು ಒಂದು ಬಂಡಿ ಸರಕಿಗೆ ಒಂದೂಕಾಲು ಪಣ ದಾರಿಸುಂಕ ಪಡೆಯುತ್ತಾನೆ. ಹೊತ್ತು ತಂದ ಹೊರೆಗೂ ಒಂದು ಮಾಷಕವಿದೆ. ದರಪಟ್ಟಿ ಮುಗಿದ ಕೂಡಲೇ ಬರುವ ನಿಯಮ: ದಾರಿಯಲ್ಲಿ ಕಳೆದುಹೋದದ್ದನ್ನು, ಕಳುವಾದದ್ದನ್ನು ಅವನೇ ತುಂಬಿಕೊಡಬೇಕು. ನಾಲ್ಕನೆಯ ಅಧಿಕರಣದ ಕೊನೆಗೆ ಇದೇ ತತ್ತ್ವ ಇನ್ನೂ ಬಿಡಿಬಿಡಿಯಾಗಿ ಬರುತ್ತದೆ. ಸಾರ್ಥದವರು ತಮ್ಮ ಸರಕಿನ ಬೆಲೆಯನ್ನು ತಿಳಿಸಿ ಊರೊಳಗೆ ತಂಗಬೇಕು. ರಾತ್ರಿ ಊರಿನಿಂದ ಹೊರಹೋಗದ ಸರಕು ಕಳುವಾದರೆ ಊರ ಯಜಮಾನ ಕೊಡಬೇಕು. ಎರಡು ಊರುಗಳ ನಡುವೆ ಕಳುವಾದರೆ ಹುಲ್ಲುಗಾವಲಿನ ಅಧ್ಯಕ್ಷ, ಅಂಥ ಕಾವಲು ಇಲ್ಲದ ಕಡೆ ಕಳ್ಳರನ್ನು ಹಿಡಿಯುವ ಅಧಿಕಾರಿ. ಅದೂ ಇಲ್ಲದ ಜಾಗದಲ್ಲಿ ಐದೂರು ಹತ್ತೂರಿನವರು ಕೂಡಿ ಉತ್ತರಿಸಬೇಕು.

ಇಲ್ಲಿಗೆ ಬಂದಾಗ ಪ್ರಶ್ನೆಯೇ ಬೇರೆ ಎಂದು ಕಾಣತೊಡಗಿತು. ಸೀಲು ಎಷ್ಟು ಗಟ್ಟಿ, ಬೇಲಿ ಎಷ್ಟು ಎತ್ತರ ಎಂಬುದನ್ನು ಎಷ್ಟು ಅಳೆದರೂ ಮೂಲದ ತೊಡಕು ಬಿಡಿಸಿಕೊಳ್ಳದು. ಅರ್ಥಶಾಸ್ತ್ರದ ಏರ್ಪಾಟಿನಲ್ಲಿ ದಾರಿ ತುಂಡುತುಂಡಾಗಿದೆ. ತುಂಡಿಗೊಬ್ಬ ಅಧಿಕಾರಿ, ಅವನ ಕೈಯಲ್ಲಿ ಅಧಿಕಾರ, ಆ ಅಧಿಕಾರದ ಜೊತೆಗೇ ನಷ್ಟದ ಹೊಣೆ. ವರ್ತಕನ ಪಾಲಿಗೆ ಉಳಿಯುವುದು ಸರಕಿನ ಬೆಲೆಯನ್ನು ಮುಚ್ಚಿಡದೆ ಹೇಳುವುದು, ಮುದ್ರೆಯನ್ನು ಕಾಪಾಡುವುದು. ಇಂದಿನ ಷರತ್ತಿನಲ್ಲಿ ದಾರಿಯುದ್ದಕ್ಕೂ ಹಣ ಪಡೆಯುವವರು ಹಲವರು: ಲಾರಿಯವರು, ಟೋಲ್‌ನವರು, ವೈಟ್‌ಫೀಲ್ಡಿನಂಥ ಒಳನಾಡು ಬಂದರು, ಚೆನ್ನೈನ ಟರ್ಮಿನಲ್, ಹಡಗಿನ ಕಂಪನಿ. ಹೊಣೆಯ ಸಾಲಿನಲ್ಲಿ ಮಾತ್ರ ಒಬ್ಬನದೇ ಹೆಸರು. ರಾತ್ರಿ ಕೃಷ್ಣಗಿರಿಯ ಆಚೆ ಲಾರಿ ಎಲ್ಲಿ ನಿಂತಿತು ಎಂಬುದು ಪೀಣ್ಯದವನ ಕಣ್ಣಳತೆಯಲ್ಲಿಲ್ಲ.

ಲಾಭದ ಲೆಕ್ಕವೂ ಹಾಗೆಯೇ. ಸಿಟಿಪ್ಯಾಟ್‌ನ ತಪಾಸಣೆ ರಿಯಾಯಿತಿ ಸಿಗುವುದು ಆಮದುದಾರನಿಗೆ. ಬೇಲಿ, ಕ್ಯಾಮೆರಾ, ರಾತ್ರಿಪಾಳಿಯ ಕಾವಲುಗಾರ, ಸೀಲು ಇವುಗಳ ಖರ್ಚು ಸರಬರಾಜುದಾರನದು. ಉಡುಪಿನ ದರವನ್ನು ಮಾತ್ರ ಪ್ರತಿ ಹಂಗಾಮಿನಲ್ಲೂ ಇಳಿಸುವ ಚೌಕಾಸಿ. ಒತ್ತಡ ಅಲ್ಲಿಗೇ ನಿಲ್ಲುವುದಿಲ್ಲ. ಕಾರ್ಖಾನೆ ಅದನ್ನು ಲಾರಿ ಮಾಲೀಕನ ಮೇಲೆ, ಅವನು ಚಾಲಕನ ಮೇಲೆ ಹಾಕುತ್ತಾನೆ. ನಮ್ಮ ಸರ್ಕಾರವೂ 2017ರ ಜುಲೈನಲ್ಲಿ ಜಿಎಸ್‌ಟಿಯೊಂದಿಗೆ, ಎಕ್ಸೈಸ್ ಅಧಿಕಾರಿ ಕಾರ್ಖಾನೆಗೆ ಬಂದು ಸೀಲು ಹಾಕುವ ಪದ್ಧತಿಯಿಂದ ಹಿಂದೆ ಸರಿದು ರಫ್ತುದಾರನೇ ಹಾಕಿಕೊಳ್ಳಲಿ ಎಂದಿತು. ಅದೇ ವರ್ಷ ಆರ್‌ಎಫ್‌ಐಡಿ ಇ-ಸೀಲು ಬಂತು. ಅದನ್ನೂ ರಫ್ತುದಾರನೇ ಕೊಳ್ಳಬೇಕು. ಅಧಿಕಾರಿಗಾಗಿ ದಿನಗಟ್ಟಲೆ ಕಾಯುವುದು ತಪ್ಪಿದ್ದು ಒಳ್ಳೆಯದೇ. ಆದರೆ ಸಾಕ್ಷಿಗೆ ನಿಲ್ಲುತ್ತಿದ್ದ ಸರ್ಕಾರದ ಕಣ್ಣು ಅಲ್ಲಿಂದ ಸರಿಯಿತು ಎಂಬುದೂ ನಿಜ.

ವರ್ತಕರೇ ಕಾವಲಿನ ಹೊಣೆ ಹೊತ್ತ ಕಾಲ ನಮ್ಮಲ್ಲಿ ಇರಲಿಲ್ಲವೇ ಎಂದು ಕೇಳಬಹುದು. ಅಯ್ಯಾವೊಳೆ ಐನೂರ್ವರು ಇದ್ದರು. ಅವರ ಸಂಘದ 1088ರ ತಮಿಳು ಶಾಸನ ಸುಮಾತ್ರದ ಬಾರುಸ್ ಬಳಿ ಸಿಕ್ಕಿದೆ. ಅಷ್ಟು ದೂರ ಹೋಗುವವರು ತಮ್ಮದೇ ವೀರರನ್ನು ಇಟ್ಟುಕೊಂಡಿದ್ದರು. ಆದರೆ ಅವರು ಆ ಭಾರ ಹೊತ್ತದ್ದು ಸಂಘವಾಗಿ. ಒಂಟಿ ಬಣಜಿಗನ ತಲೆಗೆ ಅದನ್ನು ಕಟ್ಟಿರಲಿಲ್ಲ. ಪೀಣ್ಯದ, ಬೊಮ್ಮಸಂದ್ರದ ಸಣ್ಣ ರಫ್ತುದಾರರು ಇದನ್ನು ಯೋಚಿಸಬೇಕು. ಖಾಲಿ ಕಂಟೇನರ್ ತಪಾಸಣೆಗೆ ಒಂದು ಸಾಮಾನ್ಯ ಅಂಗಳ, ಒಂದೇ ಸೀಲು ದಾಸ್ತಾನು, ಕನ್ನಡ ಹಿಂದಿ ಒಡಿಯಾ ಬಲ್ಲ ಒಬ್ಬ ತರಬೇತುದಾರ, ಇವಕ್ಕೆಲ್ಲ ಕಂಟೇನರಿಗಿಷ್ಟು ಎಂದು ವಂತಿಗೆ. ಖರೀದಿ ಆದೇಶದಲ್ಲಿ ಭದ್ರತೆಯ ಖರ್ಚಿಗೆ ಬೇರೆಯೇ ಒಂದು ಸಾಲು ಬೇಕೆಂದು ಹತ್ತು ಕಾರ್ಖಾನೆಗಳು ಒಟ್ಟಾಗಿ ಕೇಳಿದರೆ ಖರೀದಿದಾರನು ಉತ್ತರಿಸಲೇಬೇಕಾಗುತ್ತದೆ.

ಷರತ್ತಿನ ಮಾತುಗಳೂ ಬದಲಾಗಬೇಕು. ಕಂಟೇನರ್ ಯಾರ್ಡಿನ ಅಥವಾ ಟರ್ಮಿನಲ್‌ನ ಗೇಟು ದಾಟುವಾಗ ಒಂದು ರಸೀದಿ ಹುಟ್ಟುತ್ತದೆ, ಅದರಲ್ಲಿ ಸೀಲಿನ ಸಂಖ್ಯೆಗೆ ಜಾಗವಿರುತ್ತದೆ. ಗೇಟಿನವರು ಸೀಲನ್ನು ಎಳೆದು, ತಿರುಚಿ ನೋಡಿ, ಸರಿಯಿದೆ ಎಂದು ಬರೆದು ಸಹಿ ಹಾಕಲಿ. ಆ ಹೊತ್ತಿನಿಂದ ನೆಲಬಾಡಿಗೆಯ ಜೊತೆಗೆ ಸರಕಿನ ಹೊಣೆಯೂ ಅವರದು ಎಂದು ಒಪ್ಪಂದದಲ್ಲಿ ಬರೆಯಿಸಬೇಕು.